ಲ್ಯಾಬಿನ ಎರಡನೇ ಬಾಗಿಲು

ಶಿಕಾರಿಪುರದ ಹೊರಗೆ ವಿಶ್ವವಿದ್ಯಾಲಯದವರು ಕಟ್ಟಿಸಲಿದ್ದ ಮಾಹಿತಿ ತಂತ್ರಜ್ಞಾನ ವಿಭಾಗದ ಕಟ್ಟಡಕ್ಕೆ ನಕ್ಷೆ ಬರೆಯುವ ಕೆಲಸ ನನಗೆ ಸಿಕ್ಕಾಗ, ಸೊರಬದ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದರು. ನನ್ನ ಮೊದಲ ದೊಡ್ಡ ಕಟ್ಟಡ. ಪಾಯಸ ತಿಂದ ತಪ್ಪಿಗೆ ಆಮೇಲೆ ಬಿಟ್ಟು ಹೋಗಲೂ ಆಗಲಿಲ್ಲ.

ಕೆಳಗಿನ ದೊಡ್ಡ ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರ್. ಧೂಳು ಬರಬಾರದು, ಎಸಿಯ ತಂಪು ಹೋಗಬಾರದು ಎಂದು ಕಿಟಕಿಗಳಿಗೆಲ್ಲ ತೆರೆಯದ ಗಾಜು ಕೇಳಿದರು. ಕಳ್ಳರ ಭಯಕ್ಕೆ ಹೊರಗೆ ಕಬ್ಬಿಣದ ಸರಳು ಬೇರೆ. ಒಪ್ಪಿಕೊಂಡೆ. ಆದರೆ ತುಂಬ ವೈರು ಓಡುವ ಅಂಥ ಕೋಣೆಗೆ ಒಂದೇ ಬಾಗಿಲು ಸಾಲದು. ಎಲ್ಲಾದರೂ ಕಿಡಿ ಹಾರಿದರೆ ಅರವತ್ತು ಮಕ್ಕಳು ಹೊರಗೆ ಬರಬೇಕಲ್ಲ. ಎರಡನೇ ಬಾಗಿಲಿಗೆ ಜಾಗವಿದ್ದದ್ದು ದಕ್ಷಿಣದ ಗೋಡೆಯಲ್ಲಿ ಮಾತ್ರ.

ಜಾಗ ದಾನ ಕೊಟ್ಟ ಯಜಮಾನರು ಕಟ್ಟಡ ಸಮಿತಿಯಲ್ಲಿದ್ದರು. ನಕ್ಷೆಯ ಮೇಲೆ ಬೆರಳಿಟ್ಟು, "ಯಮನ ದಿಕ್ಕಿಗೆ ಬಾಗ್ಲು ಇಡ್ತಾರೇನವ್ವ?" ಅಂದರು. ಕಂಪ್ಯೂಟರ್ ಕಲಿಸುವ ವಿಭಾಗದ ಮುಖ್ಯಸ್ಥರು ಟೀ ಲೋಟ ನೋಡುತ್ತ ಕುಳಿತರು. ಮೂರು ಸಭೆ ಹೀಗೇ ಹೋದವು. ಬಾಗಿಲು ತೆಗೆದರೆ ನಾನು ಸಹಿ ಹಾಕಲಾರೆ, ಇಟ್ಟರೆ ಯಜಮಾನರು ಹಾಕುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಸ್ಥಿತಿ ನನ್ನದು. ನಾಲ್ಕನೇ ಸಭೆಯಲ್ಲಿ ಬೇಸತ್ತು, ಅದು ಬರೀ ನಿಯಮಕ್ಕಾಗಿ ಇಡುವ ಬಾಗಿಲು, ಯಾವತ್ತೂ ತೆರೆಯುವುದಿಲ್ಲ ಅಂದುಬಿಟ್ಟೆ. ಯಜಮಾನರು ಕೂಡಲೇ ಸಹಿ ಹಾಕಿದರು. ಸೊರಬದ ಬಸ್ಸಿನಲ್ಲಿ ನನ್ನ ಜಾಣತನಕ್ಕೆ ನಾನೇ ಹೆಮ್ಮೆಪಟ್ಟೆ. ಕಟ್ಟಿದ ಮೇಲೆ ತೆರೆಯದೆ ಇರುತ್ತಾರೆಯೇ ಅಂದುಕೊಂಡೆ.

ಉದ್ಘಾಟನೆಯ ದಿನ ಲ್ಯಾಬಿನೊಳಗೆ ಹೋಗಿ ನೋಡಿದರೆ ನನ್ನ ಬಾಗಿಲಿಗೆ ಬೀಗ, ಅದಕ್ಕೆ ಅಡ್ಡಲಾಗಿ ಎರಡು ಕಬ್ಬಿಣದ ಬೀರು. ಭಾಷಣ ಶುರುವಾದಾಗ ಎಸಿಗೆಂದು ಇದ್ದೊಂದು ಬಾಗಿಲನ್ನೂ ಮುಚ್ಚಿದರು. ನನಗೆ ಹೆದರಿಕೆಗಿಂತ ನಾಚಿಕೆ ಹೆಚ್ಚು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಇಲ್ಲಿ ಮಾಡಿದ್ದು ನಾನು, ಉಣ್ಣಬೇಕಾದವರು ಆ ಮಕ್ಕಳು.

ಭಾಷಣ ಮುಗಿದದ್ದೇ ಯಜಮಾನರ ಹತ್ತಿರ ಹೋಗಿ, ಎಲ್ಲರೆದುರೇ ಹೇಳಿದೆ. "ನಾನವತ್ತು ಸುಳ್ಳು ಹೇಳಿದ್ದೆ ಯಜಮಾನ್ರೇ. ಅದು ತೆರೀಲಿಕ್ಕೇ ಇಟ್ಟ ಬಾಗ್ಲು."

ಅವರಿಗೆ ಸಿಟ್ಟು ಬರಲಿಲ್ಲ. ನನ್ನ ತಲೆ ಸವರಿ, "ನಿನ್ ಮಾತು ನಂಬೇ ಸಹಿ ಹಾಕಿದ್ದವ್ವ. ಈಗ ಅದನ್ನ ಮುಚ್ಚಿಟ್ಟೇ ಪೂಜೆನೂ ಆಗೇತಿ," ಅಂದರು.

ಮರುದಿನ ಬೆಳಿಗ್ಗೆ ಅರವತ್ತು ಮಕ್ಕಳು ಒಳಗೆ ಹೋಗಿ ಕುಳಿತರು. ನಾನು ಸಹಿ ಹಾಕಿದ ನಕ್ಷೆಯಲ್ಲಿ ಆ ಕೋಣೆಗೆ ಎರಡು ಬಾಗಿಲುಗಳಿವೆ.