ವಜ್ರಳ್ಳಿ ಅತ್ತೆಯ ಚೀಲ

ಕಳೆದ ಏಪ್ರಿಲ್ ಕೊನೆಯಲ್ಲಿ ಶಿರಸಿ ನಿಲ್ದಾಣದಲ್ಲಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಬಸ್ಸು ತುಂಬುತ್ತಿತ್ತು. ಕಿಟಕಿಯಿಂದ ಒಂದು ಹಸಿರು ವಾಯರ್ ಚೀಲ ಒಳಗೆ ಬಂದು ನನ್ನ ತೊಡೆಯ ಮೇಲೆ ಬಿತ್ತು. ಹಿಂದೆಯೇ ಒಂದು ಹೆಂಗಸಿನ ದನಿ: "ಬಾಜೂ ಸೀಟಿನ ಮ್ಯಾಲೆ ಇಡ್ರಿ ಅಣ್ಣಾರೆ, ಬಂದೆ!"

ರಜೆಯ ದಿನಗಳಲ್ಲಿ ಇಲ್ಲಿ ಸೀಟು ಹಿಡಿಯುವುದು ಹೀಗೆಯೇ. ಟವೆಲ್ಲು, ಕೊಡೆ, ಕೆಲವೊಮ್ಮೆ ಕೂಸನ್ನೂ ಕಿಟಕಿಯಿಂದ ದಾಟಿಸುತ್ತಾರೆ. ಚೀಲವನ್ನು ಪಕ್ಕದ ಸೀಟಿನಲ್ಲಿ ಇಡಬೇಕಿತ್ತು, ಇಡಲಿಲ್ಲ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರೊಳಗಿಂದ ಹಲಸಿನ ಹಪ್ಪಳದ ಹಸಿ ವಾಸನೆ... ಅಂಥ ಚೀಲವನ್ನು ಕೈಯಲ್ಲಿ ಹಿಡಿಯದೆ ಎಷ್ಟೋ ವರ್ಷಗಳಾಗಿದ್ದವು. ಚಿಕ್ಕಂದಿನಲ್ಲಿ ಅಂಥದ್ದೇ ಒಂದನ್ನು ಪ್ರತಿ ಬೇಸಿಗೆಯಲ್ಲೂ ಅಡಗಿಸಿಡುವುದು ನಮ್ಮ ಕೆಲಸವಾಗಿತ್ತು.

ಆ ಚೀಲ ವಜ್ರಳ್ಳಿ ಅತ್ತೆಯದು. ಅಪ್ಪನ ಚಿಕ್ಕಪ್ಪನ ಮಗಳು. ನಮ್ಮ ಕಡೆ ನೆಂಟರನ್ನು ಊರಿನಿಂದಲೇ ಗುರುತಿಸುವುದರಿಂದ ಅವಳು ನಮಗೆಲ್ಲ ವಜ್ರಳ್ಳಿ ಅತ್ತೆ. ಮದುವೆಯಾದ ಎರಡನೆಯ ವರ್ಷ ಗಂಡ ಘಟ್ಟದ ಕೆಳಗೆ ಕೆಲಸವಿದೆ ಎಂದು ಅರಬೈಲ್ ಇಳಿದು ಹೋದವನು ಮರಳಲಿಲ್ಲ. ಅಂದಿನಿಂದ ಅವಳು ವಜ್ರಳ್ಳಿಯ ಅಣ್ಣನ ಮನೆಯಲ್ಲಿ ಇದ್ದಳು. ಮಳೆಗಾಲವೆನ್ನದೆ ನೆಂಟರ ಮನೆಗಳಿಗೆ ಹೊರಡುತ್ತಿದ್ದಳು, ಬೇಸಿಗೆಯಲ್ಲಂತೂ ಒಂದಾದ ಮೇಲೊಂದು. ತ್ಯಾಗಲಿಯ ದೊಡ್ಡಪ್ಪನ ಮನೆ, ಸಿದ್ದಾಪುರ ಪೇಟೆಯ ಮಾವನ ಮನೆ, ಆಮೇಲೆ ಶಿರಸಿಯಲ್ಲಿ ನಾವಿದ್ದ ಬಾಡಿಗೆ ಮನೆ. ಎಲ್ಲಿ ಹಪ್ಪಳ ಒತ್ತುವುದಿದೆಯೋ, ಎಲ್ಲಿ ಉಪನಯನವೋ, ಎಲ್ಲಿ ಬಾಣಂತಿಯೋ ಅಲ್ಲಿ ಅತ್ತೆ. ನಾವು ಮಕ್ಕಳು ಅವಳನ್ನು ಭಾಗ್ಯವಂತೆ ಎಂದುಕೊಂಡಿದ್ದೆವು. ನಮಗೆ ಎರಡು ತಿಂಗಳ ರಜೆ, ಅತ್ತೆಗೆ ವರ್ಷವಿಡೀ.

ತ್ಯಾಗಲಿಯ ದೊಡ್ಡಪ್ಪನ ಮಕ್ಕಳೂ ರಜೆಗೆ ನಮ್ಮಲ್ಲಿಗೇ ಬರುತ್ತಿದ್ದರು. ಅವರಿಗೆ ಪೇಟೆ ಬೇಕು, ಐಸ್‌ಕ್ಯಾಂಡಿ ಬೇಕು. ಮಧ್ಯಾಹ್ನ ಊಟವಾದ ಮೇಲೆ ದೊಡ್ಡವರು ಮಲಗಿದಾಗ ನಮ್ಮನ್ನೆಲ್ಲ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅತ್ತೆ ಆಟ ಕಟ್ಟುತ್ತಿದ್ದಳು. ಅವಳ ಆಟ ಒಂದೇ: ಯಾವ ಮನೆಯವರು ನೆಂಟರನ್ನು ಹೇಗೆ ಕಳಿಸುತ್ತಾರೆ ಎಂದು ತೋರಿಸುವುದು.

ತ್ಯಾಗಲಿ ಮನೆ ಎಂದರೆ ಒಂದು ಕೈಯಲ್ಲಿ ಕುಂಕುಮದ ಬಟ್ಟಲು ಚಾಚಿಕೊಂಡೇ, "ಇವತ್ತೇ ಹೊರಟ್ಯನೆ? ಇನ್ನೆರಡು ದಿನ ಇದ್ಕಂಡು ಹೋಗ್ಲಾಗಿತ್ತು!" ಎನ್ನುವುದು. ಹಾಗೆನ್ನುವಾಗಲೇ ಕುಂಕುಮ ಹಣೆಗೆ ಬಂದಾಗಿರುತ್ತಿತ್ತು. ಸಿದ್ದಾಪುರದ ಮನೆ ಎಂದರೆ, "ಉಳ್ಕಳೇ, ಉಳ್ಕ" ಎಂದು ಉಳಿಸಿಕೊಳ್ಳುವವರಂತೆ ಅತ್ತೆಯ ಕೈ ಹಿಡಿದು, ಕತ್ತು ಹೊರಳಿಸಿ ಗಂಡನಿಗೆ, "ಬಸ್ಸಿಗೆ ಹೊತ್ತಾತನ, ನೋಡಿ!" ಯಲ್ಲಾಪುರದಲ್ಲಿ ಅತ್ತೆಗೆ ಒಬ್ಬ ಭಾವ ಇದ್ದ. ಅವನ ಪಾತ್ರಕ್ಕೆ ಅತ್ತೆ ಹೆಗಲ ಮೇಲೆ ಪಂಚೆ ಹಾಕಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ಏಪ್ರಿಲ್ಲಿನ ಬೆಂಕಿಯಂಥ ಆಕಾಶ ನೋಡುತ್ತಿದ್ದಳು. "ಮಳೆ ಬಪ್ಪಂಗೆ ಕಾಣ್ತು ತಂಗಿ. ಈಗ್ಲೇ ಹೊರಟ್ರೆ ಚೊಲೋ."

ನಾವು ಮೆಟ್ಟಿಲಿನಿಂದ ಉರುಳಿ ಬೀಳುವಷ್ಟು ನಗುತ್ತಿದ್ದೆವು. ಒಳಗಿನಿಂದ ಅಪ್ಪ ಗದರುತ್ತಿದ್ದ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಇನ್ನೊಮ್ಮೆ ಆಕಾಶ ನೋಡುತ್ತಿದ್ದಳು.

ಒಂದು ವರ್ಷ ದೊಡ್ಡಪ್ಪನ ಕಿರಿಯ ಮಗಳು, "ಶಿರಸಿ ಮನೆಯವು ಎಂತ ಹೇಳ್ತ ಅತ್ತೆ? ಅದು ಮಾಡಿ ತೋರ್ಸು" ಎಂದು ಹಟ ಹಿಡಿದಳು. ಅತ್ತೆ ಮಾಡಲಿಲ್ಲ.

"ಈ ಮನೇಲಿ ಬಾಯಲ್ಲಿ ಹೇಳ್ತ್ವಿಲ್ಲೆ ಕೂಸೆ. ಚೀಲ ಅಡಗಿಸ್ತ," ಎಂದಳು.

ಅದು ನಿಜ. ಹೊರಟ ನೆಂಟರ ಚೀಲವನ್ನೋ ಚಪ್ಪಲಿಯನ್ನೋ ಮಕ್ಕಳು ಅಡಗಿಸುವುದು ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದ್ದ ಚೇಷ್ಟೆ. ಹುಡುಕುವಷ್ಟರಲ್ಲಿ ಬಸ್ಸು ಹೋಗುತ್ತದೆ, ನೆಂಟರು ಉಳಿಯುತ್ತಾರೆ. ಬೇರೆ ನೆಂಟರ ವಿಷಯದಲ್ಲಿ ಬೈಗುಳ ತಿಂದಿದ್ದೇವೆ. ಅತ್ತೆ ಮಾತ್ರ ಒಮ್ಮೆಯೂ ಬೈದವಳಲ್ಲ. ಚೀಲವನ್ನು ಜಗುಲಿಯ ಬೆಂಚಿನ ಮೇಲೆ ಇಟ್ಟು, "ಎನ್ನ ಕೊಡೆ ಎಲ್ಲೋ ಬಿಟ್ಟಿದ್ದಿ" ಎಂದು ಒಳಗೆ ಹೋಗಿ ಬೇಕಾದಷ್ಟು ಹೊತ್ತು ಹುಡುಕುತ್ತಿದ್ದಳು. ಕೊಡೆ ಬೆಂಚಿನ ಕೆಳಗೇ ಇರುತ್ತಿತ್ತು.

ಅಕ್ಕಿ ಡ್ರಮ್ಮಿನೊಳಗೆ, ಅಪ್ಪನ ಆರಾಮ ಕುರ್ಚಿಯ ಅಡಿಗೆ, ಪಕ್ಕದ ಮನೆಯ ಕೋಳಿಗೂಡಿನ ಮೇಲೆ ಅಡಗಿಸಿದ್ದೇವೆ. ಒಮ್ಮೆ ಬಾವಿಯ ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟೆವು. ಹಗ್ಗ ಜಾರಿತು, ಚೀಲ ನೀರಿಗೆ ಮುಳುಗಿತು. ಮೇಲೆಳೆದಾಗ ಅತ್ತೆಯ ಎರಡೂ ಸೀರೆಗಳಿಂದ ನೀರು ಸುರಿಯುತ್ತಿತ್ತು. ಆಯಿ, ಅಂದರೆ ನಮ್ಮ ಅಮ್ಮ, ಒಲೆಯೂದುವ ಕೊಳವೆ ಹಿಡಿದು ನಮ್ಮನ್ನು ಅಟ್ಟಿಸಿಕೊಂಡು ಬಂದಳು. ಅತ್ತೆ ಬಾವಿಕಟ್ಟೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಇನ್ನು ಸೀರೆ ಒಣಗೋವರೆಗೆ ಹೋಪಂಗಿಲ್ಲೆ" ಎಂದಳು. ಬೇಸಿಗೆಯ ಬಿಸಿಲಿಗೆ ಸೀರೆ ಒಣಗಲು ಎಷ್ಟು ಹೊತ್ತು! ಮರುದಿನವೂ ಅವಳು ತಂತಿಯ ಬಳಿ ಹೋಗಿ ಅಂಚು ಮುಟ್ಟಿ ನೋಡಿ, "ಇನ್ನೂ ಹಸಿ ಇದ್ದು" ಎಂದು ಹೇಳಿ ಬಂದಳು. ಅದಕ್ಕೂ ನಕ್ಕೆವು...

ಆಮೇಲೆ ನಾವು ಬೆಳೆದೆವು. ಅವಳು ಕೊನೆಯ ಸಲ ಬಂದ ವರ್ಷ ನಾನು ಪಿಯುಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ದೊಡ್ಡಪ್ಪನ ಮಕ್ಕಳು ಟಿ.ವಿ. ಎದುರು ಇರುತ್ತಿದ್ದರು. ಅಪ್ಪ ಸ್ಕೂಟರ್ ಕೊಂಡಿದ್ದ. ಅತ್ತೆಯ ಅಣ್ಣ ಆ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅದು ನಮಗೆ ಗೊತ್ತಿತ್ತು, ಅಪ್ಪ ಹೋಗಿಯೂ ಬಂದಿದ್ದ. ಅಣ್ಣನ ಮಕ್ಕಳು ಹಿಸ್ಸೆಯಾದದ್ದು, ಅತ್ತೆ ಮಲಗುತ್ತಿದ್ದ ಕೋಣೆ ಒಬ್ಬನ ಪಾಲಿಗೆ ಹೋಗಿ ಅದಕ್ಕೆ ಬೀಗ ಬಿದ್ದದ್ದು, ಅವಳ ಊಟ ಯಾರ ಪಾಲಿಗೆ ಎಂಬುದು ತೀರ್ಮಾನವಾಗದೆ ಉಳಿದದ್ದು ನಮಗೆ ಗೊತ್ತಿರಲಿಲ್ಲ. ಅವಳು ಹೇಳಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಯಲ್ಲಾಪುರದ ಭಾವನನ್ನು ಮಾಡಿ ತೋರಿಸಿದಳು. ನಾವು ನಕ್ಕೆವು. ಮೊದಲಿನಷ್ಟು ಅಲ್ಲ.

ಹೊರಡುವ ದಿನ ನಡೆದದ್ದನ್ನು ಕಂಡಂತೆ ಬರೆಯುತ್ತೇನೆ. ಬೆಳಿಗ್ಗೆ ಸ್ನಾನ ಮುಗಿಸಿ, ಹೊರಡುವ ಸೀರೆ ಉಟ್ಟು, ಅತ್ತೆ ಚೀಲವನ್ನು ಬೆಂಚಿನ ಮೇಲೆ ಇಟ್ಟಳು. ಕೊಡೆ ಹುಡುಕಲು ಒಳಗೆ ಹೋದಳು. ಬಂದು ನೋಡಿದಳು. ಚೀಲ ಅಲ್ಲೇ ಇತ್ತು. ನೀರು ಕುಡಿದು ಬರುತ್ತೇನೆ ಎಂದು ಮತ್ತೆ ಹೋದಳು. ಬಂದಳು. ಚೀಲ ಅಲ್ಲೇ ಇತ್ತು. ಪಕ್ಕದ ಮನೆಯವರಿಗೆ ಹೇಳಿ ಬರುತ್ತೇನೆಂದು ಹೋಗಿ, ಅವರೊಡನೆ ಸುಮಾರು ಹೊತ್ತು ಮಾತಾಡಿ ಬಂದಳು. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಪೇಪರ್ ಓದುತ್ತಿದ್ದೆ. ಚೀಲ ನನ್ನ ಪಕ್ಕದಲ್ಲೇ ಇತ್ತು. ಆಮೇಲೆ ನಾನು ಎದ್ದು ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಜಗುಲಿಯಿಂದ ಅವಳ ಕೂಗು ಕೇಳಿತು. "ಚೀಲ ಎಲ್ಲಿದ್ದ್ರಾ? ಈ ವರ್ಷವೂ ಶುರು ಮಾಡಿದ್ರಾ?" ದನಿಯಲ್ಲಿ ನಗು ಇತ್ತು.

ನಾವ್ಯಾರೂ ಮುಟ್ಟಿರಲಿಲ್ಲ. ಹಾಗೆಂದು ಹೇಳಿದೆವು. ಅಪ್ಪ ಗಡಿಯಾರ ನೋಡಿ ಸಿಟ್ಟಿಗೆದ್ದ. "ಕತ್ತೆ ವಯಸ್ಸಾದ್ರೂ ಮಕ್ಕಳಾಟ ಬಿಟ್ಟಿದ್ವಿಲ್ಲೆ" ಎಂದು ಬೈದ. ಎಲ್ಲರೂ ಹುಡುಕತೊಡಗಿದೆವು. ಅಕ್ಕಿ ಡ್ರಮ್ಮು ನೋಡಿದೆವು, ಆರಾಮ ಕುರ್ಚಿಯ ಅಡಿ ನೋಡಿದೆವು. ಬಾವಿಗೂ ಇಣುಕಿದೆವು. ಅತ್ತೆ ಬೆಂಚಿನ ಮೇಲೆ ಕುಳಿತು, "ಇರ್ಲಿ ಬಿಡಿ, ಸಿಕ್ಕಾಗ ಸಿಗ್ತು. ನಾಳೆ ಹೋದ್ರೂ ಅಡ್ಡಿಲ್ಲೆ" ಎಂದಳು.

ಸಿಕ್ಕಿದ್ದು ಆಯಿಗೆ. ಬಚ್ಚಲ ಒಲೆಯ ಪಕ್ಕ ಒಟ್ಟಿದ್ದ ಕಟ್ಟಿಗೆಯ ಹಿಂದೆ, ಒಳಕ್ಕೆ ತುರುಕಿಟ್ಟಂತೆ ಇತ್ತು. ಆಯಿ ಅದಕ್ಕೆ ಹತ್ತಿದ ಒಲೆಯ ಮಸಿಯನ್ನು ಸೆರಗಿನಿಂದ ಒರೆಸುತ್ತ ಓಡಿ ಬಂದಳು. "ಅತ್ತಿಗೇ, ಸಿಕ್ತು! ಇನ್ನೂ ಬಸ್ಸು ಸಿಗ್ತು!" ಉಪಕಾರ ಮಾಡಿದ ಸಂತೋಷ ಅವಳ ಮುಖದಲ್ಲಿ ಇತ್ತು. ಅತ್ತೆ ಚೀಲ ತೆಗೆದುಕೊಳ್ಳಲು ಕೈ ಚಾಚಿದಳು. ಆ ಅಂಗೈ ಕಪ್ಪಾಗಿತ್ತು. ಸೀರೆಯ ನೆರಿಗೆಯ ಮೇಲೂ ಒಂದು ಮಸಿಯ ಗೆರೆ ಇತ್ತು.

ಆಯಿ ಕೈ ನೋಡಿದಳು. ನಾನೂ ನೋಡಿದೆ. ಅತ್ತೆ ನಮ್ಮಿಬ್ಬರನ್ನೂ ನೋಡಲಿಲ್ಲ. ಆಯಿ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ಮೆಟ್ಟಿಲ ಬಳಿ ಅವಳ ಕೈಗೆ ಹಾಕಿದಳು. ಅತ್ತೆ ಉಜ್ಜಿ ಉಜ್ಜಿ ತೊಳೆದುಕೊಂಡಳು. ಅಷ್ಟರಲ್ಲಿ ಅಪ್ಪ ಸ್ಕೂಟರ್ ಚಾಲು ಮಾಡಿದ್ದ. "ಅಕ್ಕ, ಕೂತ್ಗ. ಐದು ನಿಮಿಷಕ್ಕೆ ಮುಟ್ಟಿಸ್ತಿ." ಹಿಂದಿನ ವರ್ಷಗಳಂತೆ ನಡೆದೇ ಹೋಗಬೇಕಾಗಿದ್ದರೆ ಬಸ್ಸು ತಪ್ಪುತ್ತಿತ್ತು. ಸ್ಕೂಟರ್ ಇದ್ದದ್ದರಿಂದ ಸಿಕ್ಕಿತು. ಅಪ್ಪ ಅವಳನ್ನು ವಜ್ರಳ್ಳಿಯ ದಾರಿಯ ಯಲ್ಲಾಪುರದ ಬಸ್ಸಿಗೆ ಹತ್ತಿಸಿ, ಕಿಟಕಿ ಬದಿಯ ಸೀಟು ಕೊಡಿಸಿ ಬಂದ. ಊಟಕ್ಕೆ ಕುಳಿತಾಗ, "ಕಡೇ ಗಳಿಗೆಲಿ ಸಿಕ್ತು ನೋಡು" ಎಂದು ಎರಡು ಸಲ ಹೇಳಿದ.

ಮಳೆಗಾಲ ಮುಗಿಯುವವರೆಗೆ ಯಾರೂ ಅವಳನ್ನು ಹುಡುಕಲಿಲ್ಲ. ಹುಡುಕಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನಾವು ಅವಳು ವಜ್ರಳ್ಳಿ ಸೇರಿದ್ದಾಳೆ ಎಂದುಕೊಂಡಿದ್ದೆವು. ವಜ್ರಳ್ಳಿಯವರು ಶಿರಸಿಯಲ್ಲಿದ್ದಾಳೆ ಎಂದುಕೊಂಡಿದ್ದರು. ತ್ಯಾಗಲಿಯವರು ಸಿದ್ದಾಪುರ ಎಂದುಕೊಂಡಿದ್ದರು, ಸಿದ್ದಾಪುರದವರು ತ್ಯಾಗಲಿ ಎಂದು. ಸದಾ ನೆಂಟರ ಮನೆಯಲ್ಲಿರುವವಳು ಒಂದು ಮನೆಯಲ್ಲಿ ಇಲ್ಲವೆಂದರೆ ಇನ್ನೊಂದರಲ್ಲಿ ಇರಲೇಬೇಕು. ದೀಪಾವಳಿಯ ಹೊತ್ತಿಗೆ ಅವಳ ಅಣ್ಣನ ಮಗ ಪೇಟೆಯಲ್ಲಿ ಸಿಕ್ಕಿ, "ಅತ್ತೆ ಆರಾಮಿದ್ದನ?" ಎಂದು ಅಪ್ಪನನ್ನು ಕೇಳಿದ. ಅಪ್ಪ ಅದೇ ಪ್ರಶ್ನೆಯನ್ನು ಅವನಿಗೆ ಕೇಳುವವನಿದ್ದ.

ಅಪ್ಪ ಅದೇ ಸ್ಕೂಟರಿನಲ್ಲಿ ಎಲ್ಲ ಮನೆಗಳಿಗೂ ಹೋಗಿ ಬಂದ. ಪೊಲೀಸರಿಗೆ ದೂರು ಕೊಡುವ ಮಾತು ಬಂತು. ಯಾರು ಕೊಡಬೇಕು? ನಮ್ಮ ಮನೆಯಿಂದ ಹೊರಟಿದ್ದಾಳೆ, ವಜ್ರಳ್ಳಿಯವರು ಕೊಡಲಿ ಎಂದು ನಮ್ಮವರು. ನಮ್ಮಲ್ಲಿಗೆ ಬಂದೇ ಇಲ್ಲ, ಶಿರಸಿಯವರು ಕೊಡಲಿ ಎಂದು ಅವರು. ಮಾತು ಮುಂದಿನ ಹಬ್ಬದವರೆಗೆ ಹೋಯಿತು, ಅಲ್ಲಿಗೆ ನಿಂತಿತು.

ನಾನು ಪತ್ರಿಕೆಗೆ ಸೇರಿದ ಮೇಲೆ ನನ್ನ ಮೇಜಿಗೆ ಬಂದ ಮೊದಮೊದಲ ಕೆಲಸಗಳಲ್ಲಿ ಕಾಣೆಯಾದವರ ಸುದ್ದಿಯೂ ಒಂದು. ವಯಸ್ಸು, ಎತ್ತರ, ಉಟ್ಟ ಬಟ್ಟೆಯ ಬಣ್ಣ, ಮಾತಾಡುವ ಭಾಷೆ. ಮೊದಲ ಸಾಲು ಯಾವಾಗಲೂ ಒಂದೇ: ಇಂಥವರು ತಮ್ಮ ಮನೆಯಿಂದ ಹೋದವರು ಮರಳಿ ಬಂದಿಲ್ಲ. ಎಷ್ಟೋ ತಡವಾಗಿಯಾದರೂ ಅತ್ತೆಯ ಬಗ್ಗೆ ಅಂಥದ್ದೊಂದು ಸುದ್ದಿ ಬರೆಯಬೇಕೆಂದು ಒಮ್ಮೆ ಕುಳಿತೆ. ಸೀರೆಯ ಬಣ್ಣ ನೆನಪಿತ್ತು. ಚೀಲ ನೆನಪಿತ್ತು. 'ತಮ್ಮ ಮನೆಯಿಂದ' ಎಂಬಲ್ಲಿ ಪೆನ್ನು ನಿಂತಿತು. ಯಾವ ಮನೆ? ಅಲ್ಲಿಂದ ಮುಂದೆ ಒಂದಕ್ಷರ ಬರೆಯಲಾಗಲಿಲ್ಲ.

ಕೆಲಸದ ಮೇಲೆ ಹೋದಲ್ಲೆಲ್ಲ ವಿಚಾರಿಸಿದ್ದೇನೆ. ಅರಬೈಲಿನಲ್ಲಿ ಇಳಿದು ಘಟ್ಟದ ಕಡೆ ನಡೆದದ್ದನ್ನು ಕಂಡೆ ಎಂದವರು ಒಬ್ಬರು. ಕರಾವಳಿಯ ಯಾವುದೋ ದೇವಸ್ಥಾನದ ಅಡುಗೆಮನೆಯಲ್ಲಿ ಅಂಥವಳೊಬ್ಬಳು ಇದ್ದಳು, ಎಲ್ಲರನ್ನೂ ನಗಿಸುತ್ತಿದ್ದಳು ಎಂದವರು ಇನ್ನೊಬ್ಬರು. ನಾನು ಹೋದೆ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಖಚಿತವಾಗದ್ದನ್ನು ಬರೆಯಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಅತ್ತೆಯ ಬಗ್ಗೆ ಖಚಿತವಾದದ್ದು ಆ ಅಂಗೈಯ ಮಸಿಯೊಂದೇ.

ಆಯಿ ತೀರಿಕೊಳ್ಳುವ ವರ್ಷ, ಕೇಳದೆಯೇ ಒಮ್ಮೆ ಹೇಳಿದಳು: "ತಮಾಷೆಗೆ ಮಾಡಿದ್ದು ಹೇಳಿ ಆನು ಗ್ರಹಿಸಿದ್ದಿ. ಕೈಗೆ ನೀರು ಹಾಕ್ದಿ. ಉಳ್ಕ ಹೇಳಿದ್ನಿಲ್ಲೆ." ಉಳಿದುಕೋ ಎಂದು ತಾನು ಹೇಳಲಿಲ್ಲವೆಂಬ ಆ ಮಾತು ಯಾರ ವಿಷಯ ಎಂದು ಕೇಳಬೇಕಾಗಿರಲಿಲ್ಲ.

ಕಳೆದ ಏಪ್ರಿಲ್ಲಿನ ಆ ಬಸ್ಸು ಹೊರಡುವಾಗ ಒಬ್ಬರು ಬಂದು ಪಕ್ಕದ ಸೀಟು ತೋರಿಸಿ, "ಇಲ್ಲಿ ಜನ ಇದ್ದಾರಾ?" ಎಂದು ಕೇಳಿದರು. ನಾನು ಚೀಲ ತೋರಿಸಿ, "ಇದ್ದಾರೆ, ಬರ್ತಾರೆ" ಎಂದೆ. ಅಷ್ಟರಲ್ಲಿ ಆ ಹೆಂಗಸು ಏದುಸಿರು ಬಿಡುತ್ತ ಹತ್ತಿದಳು. ವಯಸ್ಸಾದವಳು. ಚೀಲವನ್ನು ನನ್ನ ತೊಡೆಯಿಂದ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಹಿಡಿಕೆಗಳನ್ನು ಸೇರಿಸಿ ಹಿಡಿದಳು. ಮಗಳ ಮನೆಗೆ ಬಂದಿದ್ದಳಂತೆ. ಮೊಮ್ಮಕ್ಕಳು ಬಿಡಲೇ ಇಲ್ಲವಂತೆ.

"ಎಲ್ಲಿಗೆ ಹೊರಟ್ರಿ?" ಎಂದು ಕೇಳಿದೆ.

"ಮನಿಗ್ರಿ," ಎಂದಳು. ಊರಿನ ಹೆಸರು ಹೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಎಲ್ಲಿಗೆ ಹೊರಟೆ ಎಂದು ಆ ದಿನ ಅತ್ತೆಯನ್ನು ಯಾರೂ ಕೇಳಲಿಲ್ಲ. ಗೊತ್ತಿದೆ ಎಂದುಕೊಂಡಿದ್ದೆವು. ಸ್ಕೂಟರಿನ ಹಿಂದೆ ಕುಳಿತು, ಚೀಲವನ್ನು ಎದೆಗೊತ್ತಿಕೊಂಡು, ತಿರುವಿನಲ್ಲಿ ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಹಿಡಿದಿದ್ದಳು. ಯಲ್ಲಾಪುರದ ಭಾವನ ಹಾಗೆ ಮಳೆ ನೋಡುವ ತಮಾಷೆ ಎಂದುಕೊಂಡು ನಾವು ಗೇಟಿನಲ್ಲಿ ನಿಂತು ನಕ್ಕಿದ್ದೆವು...