ಮೇಡಂ ಸಹಿ ಹಾಕಿದ ಲಕೋಟೆ

ಹಾರನಹಳ್ಳಿ ಹತ್ತಿರದ ನಮ್ಮ ಪ್ರೌಢಶಾಲೆಯ ಬೀರು ತೆಗೆದೊಡನೆ ಹಳೆಯ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಖಾನೆಯಲ್ಲಿ ಕಂದು ಲಕೋಟೆ, ಅಂಟಿಸಿದ ಕಡೆ ಅಡ್ಡಲಾಗಿ ವಿಜ್ಞಾನದ ಮೇಡಂ ಅವರ ಸಹಿ. ಅವರು ತೀರಿಕೊಂಡು ಏಳು ತಿಂಗಳು...

ಕಂಪ್ಯೂಟರ್ ಕೋಣೆಗೆ ಅವರದೇ ಉಸ್ತುವಾರಿ. ಮಕ್ಕಳ ಕೆಲಸವೆಲ್ಲ ಇದ್ದ ದೊಡ್ಡ ಯಂತ್ರ ನಡೆಯುತ್ತಿದ್ದುದು ವಿಂಡೋಸ್‌ನಿಂದಲ್ಲ, ಲಿನಕ್ಸ್ ಎಂಬ ವ್ಯವಸ್ಥೆಯಿಂದ. ಅದರಲ್ಲಿ ರೂಟ್ ಎಂಬ ಖಾತೆಯಿದೆ; ಅದರೊಳಗೆ ಹೋದವರನ್ನು ಯಂತ್ರ ಯಾವುದಕ್ಕೂ ತಡೆಯುವುದಿಲ್ಲ. ಆ ಪಾಸ್‌ವರ್ಡನ್ನು ಮೇಡಂ ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಸಹಿ ಮಾಡಿಡುತ್ತಿದ್ದರು. ಯಾರಾದರೂ ಒಡೆದರೆ ಅವತ್ತೇ ಪಾಸ್‌ವರ್ಡ್ ಬದಲು, ಹಳೇ ಚೀಟಿ ಚೂರು ಚೂರು, ಹೊಸ ಲಕೋಟೆ. ಇದಕ್ಕೆಲ್ಲ ಇಷ್ಟು ಮಡಿಯೇ ಎಂದು ಕನ್ನಡ ಮೇಷ್ಟ್ರಾದ ನಾನು ಗೇಲಿ ಮಾಡುತ್ತಿದ್ದೆ.

ಒಂದು ದಿನ ಅವರು ರಜೆಯಲ್ಲಿದ್ದಾಗ ಡಿಸ್ಕ್ ತುಂಬಿದೆಯೆಂದು ಯಂತ್ರ ಗೊಣಗಿತು. ನಾನೇ ಲಕೋಟೆ ಒಡೆದೆ. ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದ್ದಕ್ಕೆ, ಲಿನಕ್ಸಿನ ರೀತಿಯೇ ಹಾಗೆಂದು ತಿಳಿಯದೆ, ಕೀಬೋರ್ಡ್ ಕೆಟ್ಟಿದೆಯೆಂದು ತಟ್ಟಿದ ಭೂಪ ನಾನು! ಹೇಗೋ ಒಳಹೊಕ್ಕು ಬೇಡದ್ದನ್ನು ಅಳಿಸಲು ಹೋಗಿ, ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿ ಟೈಪ್ ಮಾಡಿದ್ದ ಕಥೆಗಳನ್ನೆಲ್ಲ ಅಳಿಸಿಬಿಟ್ಟೆ.

ಮರುದಿನ ಮೇಡಂ ಬೈಯಲಿಲ್ಲ. ಕೈಚೀಲದಿಂದ ಪೆನ್‌ಡ್ರೈವ್ ತೆಗೆದು ಕಥೆಗಳನ್ನು ವಾಪಸು ಹಾಕಿದರು. ಅಂತರಸಂತೆಯವರು, ಮಾತೂ ಅಲ್ಲಿಯದೇ.

"ರೂಟಲ್ಲಿ ಅಳ್ಸು ಅಂದ್ರೆ, 'ನಿಜವಾಗ್ಲೂ?' ಅಂತ ಒಂದ್ ಮಾತೂ ಕೇಳಾಕಿಲ್ಲ ಕಣ್ರೀ ಮೇಷ್ಟ್ರೇ. ಅದಕ್ಕೇ ದಿನದ ಕೆಲ್ಸ ನಿಮ್ಮ ಖಾತೇಲೇ ಮಾಡಿ. ಅಳ್ಬ್ಯಾಡಿ, ಬುಡಿ."

ಅತ್ತದ್ದು ನಿಜ. ಥ್ಯಾಂಕ್ಸ್ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ... ಆ ಆಮೇಲೆ ಬರಲೇ ಇಲ್ಲ.

ಅವರ ನಂತರ ಕಂಪ್ಯೂಟರ್ ಕೋಣೆ ನನ್ನ ಪಾಲಿಗೆ ಬಂದಿತ್ತು; ಈಗ ಅವರ ಜಾಗಕ್ಕೆ ಹೊಸ ಮೇಡಂ ಬಂದಿದ್ದಾರೆ. ಅವರಿಗೆ ಖಾತೆ ಮಾಡಿಕೊಡಲು ರೂಟ್ ಬೇಕು.

"ಒಡೀರಿ ಮೇಷ್ಟ್ರೇ, ಎಷ್ಟ್ ದಿನ ಅಂತ ಅಂಗೇ ಇಟ್ಕತ್ತೀರಿ?" ಎಂದರು ಹೆಡ್‌ಮಾಸ್ಟರು.

ಸಹಿ ಉಳಿಯಲೆಂದು ಲಕೋಟೆಯ ಬದಿಯನ್ನು ಬ್ಲೇಡಿನಿಂದ ಸೀಳಿದೆ. ಹೊಸ ಮೇಡಂ ಖಾತೆ ಆಯಿತು. ಇನ್ನು ನಿಯಮದಂತೆ ಪಾಸ್‌ವರ್ಡ್ ಬದಲಿಸಬೇಕು. ಬದಲಿಸುವ ಆದೇಶವನ್ನು ಒತ್ತಿದೆ. ಹೊಸದನ್ನು ಯಂತ್ರ ಎರಡು ಸಲ ಕೇಳಿತು. ಹಳೆಯದು ನಿಜವಾಗ್ಲೂ ಬೇಡವೇ ಎಂದು ಒಂದು ಮಾತೂ ಕೇಳಲಿಲ್ಲ.

ಹೊಸ ಲಕೋಟೆಯ ಮೇಲೆ ನನ್ನ ಸಹಿ ಬಿತ್ತು. ಹಳೇ ಚೀಟಿಯನ್ನು ಹರಿಯಬೇಕಿತ್ತು, ಕೈ ಬರಲಿಲ್ಲ. ಅವರ ದುಂಡಕ್ಷರದ ಆ ಪದ ಈಗ ಯಾವುದನ್ನೂ ತೆರೆಯದು. ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಮೇಡಂ ಇದ್ದಿದ್ದರೆ ಇದಕ್ಕಂತೂ ಬೈಯುತ್ತಿದ್ದರು. ಬೈಯಲಿ ಎಂದೇ ಇಟ್ಟುಕೊಂಡಿದ್ದೇನೆ.