ಓಟಕ್ಕೆ ಮೊದಲೇ ಹಂಚಿದ ಬಹುಮಾನ

1975ರ ಜನವರಿಯಲ್ಲಿ ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಊರಿಗೆ ಆಗ ಬಿಜಾಪುರವೆಂದೇ ಹೆಸರು. ಸಂಬಳದ ಈ ಕೆಲಸದ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಇತ್ತು. ಬುದ್ಧಿಮಾಂದ್ಯರಿಗಾಗಿ ಆಟೋಟ ನಡೆಸುವ ಸಣ್ಣದೊಂದು ಮಂಡಳಿಗೆ ನಾನು ಗೌರವ ಕಾರ್ಯದರ್ಶಿ. ಹೆಸರಿಗೆ ಕಾರ್ಯದರ್ಶಿ, ಕೆಲಸಕ್ಕೆ ಎಲ್ಲವೂ. ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವವನು, ಸೀಟಿ ಊದುವವನು, ಬಿದ್ದವರ ಮೊಣಕಾಲಿಗೆ ಔಷಧ ಹಚ್ಚುವವನು ನಾನೇ. ಅಧ್ಯಕ್ಷರು ಊರಿನ ದೊಡ್ಡ ಅಡತಿ ವ್ಯಾಪಾರಿ. ವರ್ಷಕ್ಕೊಮ್ಮೆ ಕ್ರೀಡಾದಿನದಂದು ಇಸ್ತ್ರಿ ಮಾಡಿದ ಧೋತರ ಉಟ್ಟು ಬರುತ್ತಿದ್ದರು. ಉಳಿದ ದಿನ ನಮ್ಮ ಮೈದಾನ ಯಾವ ದಿಕ್ಕಿಗಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಅಥಣಿ ರಸ್ತೆಯ ಬದಿಯ ಬಯಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಅಭ್ಯಾಸ ನಡೆಯುತ್ತಿತ್ತು. ಪಟ್ಟಿಯಲ್ಲಿ ಮೂವತ್ತೊಂದು ಜನರಿದ್ದರು. ಇಬ್ರಾಹಿಂಪುರದಂಥ ಹತ್ತಿರದ ಓಣಿಗಳಿಂದ ಕೆಲವರು ನಡೆದೇ ಬರುತ್ತಿದ್ದರು. ತಿಕೋಟಾ, ಬಬಲೇಶ್ವರ, ನಿಡೋಣಿಗಳಿಂದ ಬರುವವರನ್ನು ಮನೆಯವರು ಬಸ್ಸಿನಲ್ಲಿ ಕರೆತರಬೇಕಿತ್ತು. ಸರ್ಕಾರಿ ಕಾಗದದಲ್ಲಿ ಇವರಿಗೆ ಮತಿಮಂದರು ಎಂಬ ಹೆಸರು. ಬೀದಿಯಲ್ಲಿ ಕರೆಯುತ್ತಿದ್ದುದು ಹುಚ್ಚರೆಂದು. ಬಯಲಿನ ಬೇಲಿಗೆ ಒರಗಿ ನಿಂತು ನಗಲೆಂದೇ ಬರುವ ಹಿರಿಯ ಗೃಹಸ್ಥರೂ ಇದ್ದರು. ಅವರನ್ನು ಓಡಿಸುವುದೂ ನನ್ನ ಕೆಲಸದಲ್ಲೇ ಸೇರಿತ್ತು.

ಈ ಆಟೋಟದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಾವು ವಯಸ್ಸಷ್ಟನ್ನೇ ನೋಡಿ ಗುಂಪು ಮಾಡುತ್ತಿರಲಿಲ್ಲ. ಕ್ರೀಡಾದಿನಕ್ಕೆ ಒಂದು ವಾರ ಮೊದಲು ಎಲ್ಲರನ್ನೂ ಓಡಿಸಿ ಸ್ಟಾಪ್‌ವಾಚಿನಲ್ಲಿ ಸಮಯ ಹಿಡಿದು, ಹೆಚ್ಚುಕಡಿಮೆ ಒಂದೇ ವೇಗದವರನ್ನು ಒಂದು ಗುಂಪಿಗೆ ಹಾಕುತ್ತಿದ್ದೆವು. ಇದಕ್ಕೆ ಟ್ರಯಲ್ ಎನ್ನುತ್ತಾರೆ. ಹೀಗೆ ಮಾಡಿದಾಗ ಮಾತ್ರ ಓಟ ಓಟವಾಗುತ್ತದೆ. ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಲಾಗದು, ಸೋತವನಿಗೂ ಗೆಲ್ಲುವುದು ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ. ಆ ವರ್ಷದ ನೂರು ಮೀಟರಿನ ಮೊದಲ ಗುಂಪಿನಲ್ಲಿ ಐದು ಜನ. ಕ್ರೀಡಾದಿನದಂದು ಅವರಲ್ಲಿ ಮೊದಲು ಬಂದವನು ಹುಬ್ಬಳ್ಳಿಯ ರಾಜ್ಯ ಕೂಟಕ್ಕೆ ಹೋಗಬೇಕು. ಒಬ್ಬನೇ ಒಬ್ಬ.

ಆ ಜಾಗಕ್ಕೆ ಸರಿಸಮವಾಗಿದ್ದವರು ಇಬ್ಬರು. ಒಬ್ಬ ತಿಕೋಟಾದ ದಾವಲಸಾಬ, ಇಪ್ಪತ್ನಾಲ್ಕು ವರ್ಷದವನು. ತಂದೆತಾಯಿ ಇಲ್ಲ. ಅಕ್ಕ ಬೀಬಿಜಾನ್ ಕೌದಿ ಹೊಲಿದು ಅವನನ್ನು ಸಾಕಿದ್ದಳು. ಸೀಟಿ ಊದುವ ತನಕ ಗೆರೆಯ ಮೇಲಿನ ಹೆಬ್ಬೆರಳನ್ನು ಕೂದಲೆಳೆಯಷ್ಟೂ ಸರಿಸದ ಮನುಷ್ಯ. ಇನ್ನೊಬ್ಬ ಬಬಲೇಶ್ವರದ ಭೀಮಪ್ಪ, ಮೂವತ್ತರ ಹತ್ತಿರದವನು. ಬಾಯಿಂದ ಸದಾ ಜೊಲ್ಲು ಇಳಿಯುತ್ತಿತ್ತು, ತಾಯಿ ಸೆರಗಿನಿಂದ ಒರೆಸುತ್ತಲೇ ಇರುತ್ತಿದ್ದಳು. ಟ್ರಯಲಿನಲ್ಲಿ ದಾವಲಸಾಬನಿಗೆ 15.8 ಸೆಕೆಂಡ್, ಭೀಮಪ್ಪನಿಗೆ 15.9. ಆ ವಾರವಿಡೀ ನಾನು ಯಾರನ್ನು ಕಂಡರೂ ಈ ಓಟದ ಸುದ್ದಿಯನ್ನೇ ಹೇಳುತ್ತಿದ್ದೆ.

ಕ್ರೀಡಾದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಬೇಕಿತ್ತು. ಮುಖ್ಯ ಅತಿಥಿ ಒಬ್ಬ ದೊಡ್ಡ ಅಧಿಕಾರಿ. ಅವರು ಬರದೆ ಓಟ ಆರಂಭಿಸಬಾರದೆಂದು ಅಧ್ಯಕ್ಷರ ಅಪ್ಪಣೆ. ಮೂವತ್ತೊಂದು ಜನ ಶಾಮಿಯಾನದ ಹೊರಗೆ ಬಿಸಿಲಲ್ಲಿ ಸಾಲಾಗಿ ನಿಂತೇ ಇದ್ದರು. ಶಾಮಿಯಾನದ ಒಳಗಿನ ಕುರ್ಚಿಗಳು ಅಧ್ಯಕ್ಷರ ಬೀಗರು ಬಿಜ್ಜರಿಗೆ ಮೀಸಲು. ಹತ್ತೂ ಮುಕ್ಕಾಲಿಗೆ ಜೀಪು ಬಂತು. ರಸ್ತೆಯಲ್ಲಿ ಇಳಿದು ನಡೆದು ಬರಬಹುದಿತ್ತು. ಹಾಗೆ ಮಾಡದೆ, ನಾನು ನಸುಕಿನಲ್ಲಿ ಎಳೆದಿದ್ದ ಸುಣ್ಣದ ಗೆರೆಗಳ ಮೇಲೆಯೇ ಹಾದು ವೇದಿಕೆಯ ಬುಡಕ್ಕೆ ಬಂದು ನಿಂತಿತು.

ಹಾರ ಹಾಕುವುದು ಮುಗಿಯುತ್ತಲೇ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು.

"ಮಾಸ್ತರ, ಸಾಹೇಬ್ರಿಗೆ ಹನ್ನೊಂದೂವರಿಗೆ ಅಥಣಿ ಕಡೆ ಹೋಗೋದೈತಂತ. ಬಹುಮಾನ ಮೊದಲ ಕೊಡಿಸಿಬಿಡೂಣು."

"ಇನ್ನಾ ಒಂದು ಓಟಾನೂ ಆಗಿಲ್ಲಲ್ರೀ. ಯಾರಿಗಂತ ಕೊಡೂದು?"

"ಯಾರಿಗರ ಕೊಡ್ರಿ. ಎಲ್ಲಾರೂ ನಮ್ಮವರ ಅಲ್ಲೇನು? ಓಟ ಆಮ್ಯಾಲೆ ಓಡಸ್ರಿ, ಯಾರು ಬ್ಯಾಡಂತಾರ?"

ಹಾಗೆಂದವರು ತಾವೇ ಸಾಲಿನ ಮುಂದೆ ಅಡ್ಡಾಡುತ್ತ ಆರಿಸತೊಡಗಿದರು. ಸಂತೆಯಲ್ಲಿ ದನದ ಹಲ್ಲು ನೋಡುವವರೂ ಇದಕ್ಕಿಂತ ಗೌರವದಿಂದ ನೋಡುತ್ತಾರೆ. ಭೀಮಪ್ಪನ ಮುಂದೆ ನಿಂತು ಮುಖ ಕಿವುಚಿ, "ಜೊಲ್ಲ ಸುರಸವ್ರನ್ನ ಹಿಂದ ನಿಂದ್ರಸ್ರಿ, ಫೋಟೋ ಕೆಡ್ತೈತಿ" ಎಂದರು. ಮಗನ ಬಾಯಿ ಒರೆಸುತ್ತಿದ್ದ ತಾಯಿ ಅಲ್ಲೇ ಇದ್ದಳು. ಕೇಳಿಸಿಕೊಂಡಳು. ಮಗನ ತೋಳು ಹಿಡಿದು ತಾನೇ ಹಿಂದಿನ ಸಾಲಿಗೆ ನಡೆದಳು. ದಾವಲಸಾಬ ಅಕ್ಕ ಹೊಲಿದ ಹೊಸ ಬಿಳಿ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ ಬಂದಿದ್ದ. ಆದ್ದರಿಂದ ನೂರು ಮೀಟರಿನ ಪ್ರಥಮ ಬಹುಮಾನ ಅವನಿಗೆ. ಎರಡನೆಯದು, ಓಡುವುದಿರಲಿ, ಕಾಲೆಳೆದುಕೊಂಡು ನಡೆಯುತ್ತಿದ್ದ ಇಬ್ರಾಹಿಂಪುರದ ಒಬ್ಬ ಹುಡುಗನಿಗೆ. ಅವನಿಗೆ ಚೆಂದದ ಮುಖವಿತ್ತು.

ಆಗ ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೈಕಿನ ಮುಂದೆ ನಿಂತು ಹೆಸರು ಕೂಗಿದೆ. "ನೂರು ಮೀಟರ್ ಓಟ, ಪ್ರಥಮ, ತಿಕೋಟಾದ ದಾವಲಸಾಬ" ಎಂದವನು ನಾನೇ. ಅಧ್ಯಕ್ಷರನ್ನು ಎದುರು ಹಾಕಿಕೊಂಡರೆ ಮಂಡಳಿ ಮುಚ್ಚುತ್ತದೆ, ಈ ಜನಕ್ಕೆ ಭಾನುವಾರವೂ ಇಲ್ಲವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ದನಿ ಧ್ವನಿವರ್ಧಕದಲ್ಲಿ ಬಯಲಿನ ತುಂಬ ಕೇಳಿಸಿತು. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ದಾವಲಸಾಬ ವೇದಿಕೆ ಹತ್ತಿದ. ಅಧಿಕಾರಿ ಸ್ಟೀಲಿನ ತಂಬಿಗೆಯನ್ನು ಮುಂದೆ ಹಿಡಿದರು. ಅವನು ಕೈ ಚಾಚಲಿಲ್ಲ.

"ನಾ ಇನ್ನಾ ಓಡಿಲ್ರಿ" ಎಂದ.

ಶಾಮಿಯಾನದಲ್ಲಿ ನಗುವೋ ನಗು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧಿಕಾರಿಯೂ ನಗುತ್ತ, "ಪರವಾಗಿಲ್ಲ, ತಗೋ" ಎಂದರು. ಅಧ್ಯಕ್ಷರು ಅವನ ಎರಡೂ ಕೈ ಹಿಡಿದು ತಂಬಿಗೆಯ ಸುತ್ತ ಒತ್ತಿ, ಕ್ಯಾಮರಾದ ಕಡೆ ಅವನ ಗದ್ದ ತಿರುಗಿಸಿದರು. ಫೋಟೋ ಆಯಿತು. ಅಲ್ಲಿ ಇದ್ದ ಅಷ್ಟೂ ಜನರಲ್ಲಿ ನಿಜ ಹೇಳಿದವನು ಅವನೊಬ್ಬ, ನಗೆಗೀಡಾದವನೂ ಅವನೇ.

ಹನ್ನೊಂದೂವರೆಗೆ ಜೀಪು ಬಂದ ಹಾಗೆಯೇ ಗೆರೆ ತುಳಿದು ಹೋಯಿತು. ಅದು ರಸ್ತೆ ಸೇರುವ ಮೊದಲೇ ಮೈಕಿನವನು ವೈರು ಸುತ್ತತೊಡಗಿದ. ಶಾಮಿಯಾನದವರು ಬಿದಿರಿನ ಬಂಬು ಬಿಚ್ಚಿ ಓಟದ ಹಾದಿಗೆ ಅಡ್ಡಲಾಗಿ ಒಗೆದರು. ಇನ್ನೊಂದು ಕಡೆ ಉಪ್ಪಿಟ್ಟು, ಶಿರಾ ಬಡಿಸತೊಡಗಿದರು. ಕುರ್ಚಿಯವರಿಗೆ ಮೊದಲು, ಸಾಲಿನವರಿಗೆ ಆಮೇಲೆ. ನಾನು ಅಧ್ಯಕ್ಷರ ಬಳಿ ಹೋಗಿ ಓಟ ಶುರುಮಾಡೋಣವೇ ಎಂದೆ.

"ಬಹುಮಾನ ಕೊಟ್ಟಾತು, ಫೋಟೋ ಆತು. ಇನ್ನ ಬಿಸಲಾಗ ಓಡಿಸಿ ಏನ ಮಾಡವ್ರದೀರಿ? ಅವರಿಗೇನ ತಿಳಿತೈತ್ರಿ!"

"ಹುಬ್ಬಳ್ಳಿಗೆ ಕಳಸೂ ಫಾರ್ಮಿನ್ಯಾಗ ಇವತ್ತಿನ ಟೈಮ್ ಬರೀಬೇಕ್ರಿ."

"ಬರೀರಿ. ಹ್ವಾದ ವಾರದ್ದ ಬರೀರಿ. ಹುಬ್ಬಳ್ಳಿಯವ್ರೇನ ಬಂದು ನೋಡ್ತಾರ?"

ಬಾಯಿಯ ಮೂಲೆಯಲ್ಲಿ ಶಿರಾ ಅಂಟಿಸಿಕೊಂಡು ಅವರು ಈ ಮಾತು ಹೇಳಿದರು. ಭೀಮಪ್ಪನ ಜೊಲ್ಲು ಕಂಡು ನನಗೆ ಒಂದು ದಿನವೂ ಅಸಹ್ಯವೆನಿಸಿರಲಿಲ್ಲ. ಈ ಮುಖ ಕಂಡು ಅನಿಸಿತು. ಆದರೂ ಮೇಜಿಗೆ ಹೋಗಿ ಫಾರ್ಮ್ ತೆಗೆದು ದಾವಲಸಾಬನ ಹೆಸರಿನ ಮುಂದೆ 15.8 ಎಂದು ಬರೆದೆ. ಸಹಿ ಒಂದು ಬಾಕಿ ಇತ್ತು.

ತಲೆಯೆತ್ತಿದಾಗ ದಾವಲಸಾಬ ಕಂಡ. ಎಲ್ಲರೂ ತಾಟು ಹಿಡಿದು ಕೂತಿದ್ದರೆ ಅವನೊಬ್ಬ ಅರ್ಧ ಅಳಿಸಿದ ಗೆರೆಯ ಮೇಲೆ ಹೆಬ್ಬೆರಳಿಟ್ಟು ಬಗ್ಗಿ ನಿಂತಿದ್ದ. ತಂಬಿಗೆಯನ್ನು ಖಾಲಿ ಕುರ್ಚಿಯೊಂದರ ಮೇಲೆ ಇಟ್ಟಿದ್ದ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ ತಿಳಿಯದು. ಹತ್ತಿರ ಹೋದೆ.

"ಮಾಸ್ತರ್ರ, ಸೀಟಿ ಊದ್ರಿ."

"ನೀ ಗೆದ್ದೀಯಪಾ. ಬಹುಮಾನ ಬಂತಲ್ಲ. ಹೋಗು, ಉಪ್ಪಿಟ್ಟು ತಿನ್ನು."

ಅವನು ಬಗ್ಗಿದಲ್ಲಿಂದಲೇ ನನ್ನ ಮುಖ ನೋಡಿದ. "ಯಾರ್ನ ಗೆದ್ದೆನ್ರಿ?"

ನಾನು ಮೇಜಿಗೆ ಮರಳಿ, ಫಾರ್ಮಿನಲ್ಲಿ ಬರೆದದ್ದನ್ನು ಹೊಡೆದು ಹಾಕಿದೆ. ಗುಂಪಿನ ಐವರಲ್ಲಿ ಒಬ್ಬ ಆಗಲೇ ಬಸ್ಸು ಹಿಡಿದು ಹೋಗಿದ್ದ. ಭೀಮಪ್ಪ ಉಣ್ಣುತ್ತಿದ್ದ. ಓಟ ಎಂದೊಡನೆ ತಾಟು ತಾಯಿಯ ಕೈಗಿಟ್ಟು ಬಾಯಿ ತುಂಬ ಉಪ್ಪಿಟ್ಟಿನೊಂದಿಗೆ ಎದ್ದು ಬಂದ. ಹಾದಿಯ ಮೇಲಿನ ಬಂಬುಗಳನ್ನು ನಾನು ಎಳೆಯತೊಡಗಿದೆ. ಬೀಬಿಜಾನ್ ಸೆರಗು ಬಿಗಿದು ಬಂದು ಇನ್ನೊಂದು ತುದಿ ಹಿಡಿದಳು. ತಮ್ಮ ಗೆಲ್ಲುತ್ತಾನೆಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಧ್ಯಕ್ಷರು ದೂರದಿಂದ ಏನೋ ಕೂಗಿದರು. ನಾನು ತಿರುಗಿ ನೋಡಲಿಲ್ಲ.

ನಾಲ್ಕು ಜನ ನಿಂತರು. ಮುಕ್ತಾಯದ ಗೆರೆಯಲ್ಲಿ ವಾಚು ಹಿಡಿದು ನಾನೇ ನಿಂತು, ಅಲ್ಲಿಂದಲೇ ಸೀಟಿ ಊದಿದೆ. ಅರ್ಧ ದಾರಿಯವರೆಗೂ ದಾವಲಸಾಬ ಮುಂದಿದ್ದ. ಆಮೇಲೆ ಭೀಮಪ್ಪ ಅವನ ಪಕ್ಕಕ್ಕೆ ಬಂದ. ಕೊನೆಯ ಹತ್ತು ಹೆಜ್ಜೆ ಇಬ್ಬರೂ ಸಮಸಮ. ಒಂದು ಮೊಳದ ಅಂತರದಲ್ಲಿ ಭೀಮಪ್ಪ ಮೊದಲು ಗೆರೆ ದಾಟಿದ. 15.4 ಸೆಕೆಂಡ್. ಆ ಮೈದಾನದಲ್ಲಿ ನಮ್ಮವರು ಅದುವರೆಗೆ ಓಡಿದ ಅತಿ ವೇಗದ ಓಟ ಅದು. ಉಳಿದವರೆಲ್ಲ ಉಪ್ಪಿಟ್ಟಿನಲ್ಲಿ ಮುಳುಗಿದ್ದರು; ನೋಡಿದವರು ಅವನ ತಾಯಿ, ಬೀಬಿಜಾನ್, ಬಂಬು ಕಟ್ಟುತ್ತಿದ್ದ ಇಬ್ಬರು ಕೂಲಿಗಳು, ಮತ್ತೆ ನಾನು.

ದಾವಲಸಾಬ ಏದುಸಿರು ಬಿಡುತ್ತಲೇ ಕುರ್ಚಿಗೆ ಹೋದ. ತಂಬಿಗೆ ತಂದು ಭೀಮಪ್ಪನ ಕೈಗಿತ್ತು "ತಗೋ ಲೇ" ಎಂದ. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಒಡ್ಡಿದ. ಎರಡನೆಯವನಿಗೆ ಸ್ಟೀಲಿನ ತಾಟು ಬಹುಮಾನ ಎಂದು ಅವನಿಗೆ ಗೊತ್ತಿತ್ತು. ಆ ತಾಟು ಓಡದವನ ಕೈಯಲ್ಲಿ ಇಬ್ರಾಹಿಂಪುರಕ್ಕೆ ಹೋಗಿಬಿಟ್ಟಿತ್ತು. ಇಲ್ಲಪ್ಪಾ ಎಂದೆ. ಅವನು ಕೈ ಇಳಿಸಿದ.

ಬೀಬಿಜಾನ್ ಮಾತ್ರ ಸುಮ್ಮನಿರಲಿಲ್ಲ. ಬಂಬು ಎಳೆದು ಕೆಂಪಾದ ಕೈಯನ್ನು ನನ್ನ ಮುಂದೆ ಹಿಡಿದು ಕೇಳಿದಳು: "ಕೊಟ್ಟಿದ್ದನ್ನ ಕಸಗೊಂಡ್ರಲ್ರೀ ಮಾಸ್ತರ್ರ. ಸುಮ್ಮ ಇದ್ದಿದ್ರ ನನ್ನ ತಮ್ಮ ಹುಬ್ಬಳ್ಳಿಗೆ ಹೋಕ್ಕಿದ್ದ. ಆ ದೊಡ್ಡ ಮಂದಿ ಕೊಟ್ಟಾಗ ನೀವ ಯಾಕ ಅಡ್ಡ ಬಂದ್ರಿ?" ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದವನು ಮಧ್ಯಾಹ್ನ ಸತ್ಯವಂತನಾದರೆ ಇಂಥ ಮಾತು ಕೇಳಲೇಬೇಕು. ಮೈಕಿನಲ್ಲಿ ನಾನು ಅವಳ ತಮ್ಮನ ಹೆಸರು ಕೂಗದೇ ಇದ್ದಿದ್ದರೆ ಅವಳಿಗೆ ಕಳೆದುಕೊಳ್ಳಲು ಏನೂ ಇರುತ್ತಿರಲಿಲ್ಲ. ತಮ್ಮನನ್ನು ಕರೆದುಕೊಂಡು ಬಸ್ಸಿಗೆ ಹೋದಳು.

ಮರುದಿನ ಸೋಮವಾರ ಸಂಜೆ ಅಧ್ಯಕ್ಷರ ಅಡತಿ ಅಂಗಡಿಯಲ್ಲಿ ಮಂಡಳಿಯ ಸಭೆ. ಅಲ್ಲಿ ಹೆಸರು ಬದಲಿಸಲು ಹೇಳಿಯಾರೆಂದು ಬೆಳಿಗ್ಗೆಯೇ ಭೀಮಪ್ಪನ ಹೆಸರು ಬರೆದು ಸಹಿ ಹಾಕಿ ಫಾರ್ಮನ್ನು ಅಂಚೆಗೆ ಹಾಕಿದ್ದೆ. "ಸಾಹೇಬ್ರ ಕೈಲೆ ಕೊಡಿಸಿದ ಬಹುಮಾನ ನೀವ ಸುಳ್ಳ ಮಾಡಿದ್ರಿ. ಆ ಜೊಲ್ಲಬಾಯಿ ಹುಬ್ಬಳ್ಳಿಗೆ ಹ್ವಾದ್ರ ನಮ್ಮ ಮಂಡಳಿ ಮರ್ಯಾದಿ ಏನಾಗಬೇಕು?" ಎಂದು ಅಧ್ಯಕ್ಷರು ಮೇಜು ಗುದ್ದಿದರು. ಹಾಗಾದರೆ ಬೇರೆ ಕಾರ್ಯದರ್ಶಿಯನ್ನು ನೋಡಿಕೊಳ್ಳಿ ಎಂದೆ. ಸಂಬಳವಿಲ್ಲದೆ ಸುಣ್ಣದ ಗೆರೆ ಎಳೆಯುವವರು ಸಭೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ನಾನೇ ಮುಂದುವರಿದೆ. ಭೀಮಪ್ಪ ಹುಬ್ಬಳ್ಳಿಗೆ ಹೋಗಿ ನಾಲ್ಕನೆಯವನಾಗಿ ಬಂದ. ವಿಜೇತ ದಾವಲಸಾಬನೊಂದಿಗೆ ಅಧ್ಯಕ್ಷರು ನಗುವ ಫೋಟೋ ಚೌಕಟ್ಟು ಹಾಕಿಸಿಕೊಂಡು ಅಡತಿಯ ಗೋಡೆ ಏರಿತು.

ದಾವಲಸಾಬ ಮೂರು ಭಾನುವಾರ ಅಭ್ಯಾಸಕ್ಕೆ ಬರಲಿಲ್ಲ. ನಾಲ್ಕನೆಯ ವಾರ ನಾನೇ ತಿಕೋಟಾಕ್ಕೆ ಹೋದೆ, ಕ್ಷಮೆ ಕೇಳುವುದಕ್ಕೆ. ಬೀಬಿಜಾನ್ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣೆತ್ತಲಿಲ್ಲ.

"ಮನ್ಯಾಗ ಇಲ್ರಿ. ಹೊಲದ ದಾರಿಗೆ ಓಡಾಕ ಹೋಗ್ಯಾನ. ಅವತ್ತಿಂದ ದಿನಾ ಹೋಕ್ಕಾನ. ಸಾಕ ಬಾರೋ ಅಂದ್ರ ಕೇಳವಲ್ಲ. 'ಭೀಮ್ಯಾ ಮುಂದ ಅದಾನ' ಅಂತಾನ."

ದಾರ ಕಡಿದು ಮತ್ತೆ ಪೋಣಿಸಿಕೊಂಡಳು. "ಬರೂ ಆಯ್ತಾರ ಕರಕೊಂಡ ಬರ್ತೇನ್ರಿ. ಇಲ್ಲಂದ್ರ ನನ್ನ ತಲಿ ತಿಂತಾನ" ಎಂದಳು.

ಆಮೇಲೆ ಹತ್ತೊಂಬತ್ತು ವರ್ಷ ಆ ಮಂಡಳಿ ನಡೆಸಿದೆ. ಇಂಥವರಿಗೆ ತಂಬಿಗೆ, ತಾಟು, ಶಿರಾ, ಚಪ್ಪಾಳೆ ಕೊಡಲು ಜನ ಸಾಲುಗಟ್ಟುತ್ತಾರೆ. ಎಲ್ಲರಂತೆ ಓಡಿ ಎಲ್ಲರಂತೆ ಸೋಲುವ ಅವಕಾಶ ಕೊಡಿ ಎಂದರೆ ಯಾರಿಗೂ ಬಿಡುವಿಲ್ಲ. ಆ ಅವಕಾಶವನ್ನು ಕಾಯುವುದೇ ನನ್ನ ಕೆಲಸವೆಂದು ಕ್ರೀಡಾದಿನದ ಆ ಭಾನುವಾರ ತಿಳಿಯಿತು. ಮರುವರ್ಷದಿಂದ ಬಹುಮಾನಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೊನೆಯ ಓಟ ಮುಗಿಯುವ ತನಕ ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಆ ವರ್ಷಗಳಲ್ಲಿ ಮೂವರು ಮುಖ್ಯ ಅತಿಥಿಗಳು ಸಿಟ್ಟಾಗಿ ಬಹುಮಾನ ಹಂಚದೆಯೇ ಎದ್ದು ಹೋದರು. ಅವರ ಜೀಪು ರಸ್ತೆ ಸೇರಿದ ಮೇಲೆ ಗೆರೆಗೆ ಮತ್ತೊಮ್ಮೆ ಸುಣ್ಣ ಹಾಕಿ ಸೀಟಿ ಊದಿದೆ.